ನಮ್ಮ ಬೀದಿಯ ಕಸ: ಹೊಸದಾಗಿ ಕೈಜೋಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಅಕ್ಕಪಕ್ಕದವರು ಸೇರಿ ಕಸದ ವಿಷಯದಲ್ಲಿ ಕೆಲಸ ಮಾಡುತ್ತಿದ್ದೇವೆ. ಹೊಸಬರು ಬಂದಾಗಲೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಬೇರೆ ಬಡಾವಣೆಯವರಿಗೂ, ಬೇರೆ ಊರಿನವರಿಗೂ ಉಪಯೋಗವಾಗಲಿ ಎಂದು ಉತ್ತರಗಳನ್ನು ಬರೆದಿಟ್ಟಿದ್ದೇನೆ.

ನಾವು ತೆರಿಗೆ ಕಟ್ಟುತ್ತೇವೆ. ಪಾಲಿಕೆಯ ಕೆಲಸವನ್ನು ನಾವೇಕೆ ಮಾಡಬೇಕು?

ಕಸ ಎತ್ತುವುದು, ಸಾಗಿಸುವುದು, ಸಂಸ್ಕರಿಸುವುದು ಪಾಲಿಕೆಯ ಹೊಣೆ. ಅದನ್ನು ನಾವು ಹೊತ್ತುಕೊಳ್ಳುವುದಿಲ್ಲ. ಆ ಕೆಲಸ ಆಗದಿದ್ದಾಗ ಕೇಳುವುದನ್ನೂ ಬಿಡುವುದಿಲ್ಲ. ಆದರೆ ನಿಮ್ಮ ಅಡುಗೆಮನೆಯಲ್ಲಿ ತರಕಾರಿ ಸಿಪ್ಪೆಯ ಜೊತೆ ಹಾಲಿನ ಕವರ್ ಬೀಳದಂತೆ ನೋಡಿಕೊಳ್ಳಲು ಯಾವ ಪಾಲಿಕೆಯಿಂದಲೂ ಆಗದು. ರಾತ್ರಿ ಹತ್ತರ ಮೇಲೆ ಸ್ಕೂಟರ್ ನಿಲ್ಲಿಸದೆಯೇ ಚೀಲ ಎಸೆದು ಹೋಗುವವರು ಯಾರು, ಏಕೆ ಹಾಗೆ ಮಾಡುತ್ತಾರೆ ಎಂಬುದು ಕಚೇರಿಯಲ್ಲಿ ಕುಳಿತವರಿಗೆ ತಿಳಿಯುವ ಸಂಗತಿಯಲ್ಲ. ಅದು ಆ ಬೀದಿಯವರಿಗಷ್ಟೇ ಗೊತ್ತು.

ಇನ್ನೊಂದು ಕಾರಣವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ನಾವು ಬೆರೆಸಿ ಕೊಟ್ಟ ಕಸ ಎಲ್ಲಿಗೂ ಮಾಯವಾಗುವುದಿಲ್ಲ. ಯಾವುದೋ ಹಳ್ಳಿಯವರ ಹೊಲದ ಪಕ್ಕ ಹೋಗಿ ಬೀಳುತ್ತದೆ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಾವಳ್ಳಿಪುರಕ್ಕೆ ಹೋಯಿತು. 2012ರಲ್ಲಿ ಆ ಬಾಗಿಲು ಮುಚ್ಚಿದಾಗ ನಗರದ ಬೀದಿಬೀದಿಯಲ್ಲಿ ರಾಶಿ ಬಿತ್ತು. ಆಮೇಲೆ ಹೊರೆ ಮಂಡೂರಿನ ಹೆಗಲೇರಿತು. ದುರ್ನಾತ, ನೊಣ, ಕೆಟ್ಟ ನೀರು ಸಹಿಸಿ ಸಾಕಾದ ಮಂಡೂರಿನವರು 2014ರ ಜೂನ್‌ನಲ್ಲಿ ಪ್ರತಿಭಟನೆಗೆ ಇಳಿದರು. ಆ ವರ್ಷದ ಡಿಸೆಂಬರ್ ಹೊತ್ತಿಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡವೇ ಜಾರಿ, ಕೆಳಗಿದ್ದ ಮಂದಾರದ ತೆಂಗು, ಅಡಿಕೆ ತೋಟಗಳನ್ನು ಮುಚ್ಚಿಹಾಕಿತು. ಅಲ್ಲಿನ ಕುಟುಂಬಗಳು ಬದುಕಿದ ಮನೆ ಬಿಟ್ಟು ಹೊರಡಬೇಕಾಯಿತು. ಆ ತೋಟಗಳ ಮೇಲೆ ಬಿದ್ದದ್ದು ನಗರದವರು ಮನೆಯಿಂದ ಆಚೆ ಹಾಕಿ ಮರೆತ ಚೀಲಗಳು.

‘ಬ್ಲ್ಯಾಕ್ ಸ್ಪಾಟ್’ ಎಂದು ಯಾವುದನ್ನು ಕರೆಯುತ್ತೀರಿ? ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಸ ಬೀಳುವುದೇಕೆ?

ದಿನವೂ ಗುಡಿಸಿದರೂ ಮರುದಿನ ಕಸ ತುಂಬುವ ಮೂಲೆಯೇ ಬ್ಲ್ಯಾಕ್ ಸ್ಪಾಟ್. ಟ್ರಾನ್ಸ್‌ಫಾರ್ಮರ್ ಬುಡ, ಖಾಲಿ ನಿವೇಶನ, ಕಿಟಕಿ ಬಾಗಿಲು ಇಲ್ಲದ ಉದ್ದನೆಯ ಕಾಂಪೌಂಡ್ ಗೋಡೆ, ಮಳೆನೀರು ಹರಿಯುವ ರಾಜಕಾಲುವೆಯ ಸೇತುವೆ, ಎರಡು ವಾರ್ಡ್‌ಗಳ ಗಡಿ. ಅಂದರೆ ಯಾರದೂ ಕಣ್ಣು ಬೀಳದ, ‘ಇದು ನನ್ನದು’ ಎಂದು ಯಾರೂ ಹೇಳದ ಜಾಗ.

ಅಲ್ಲಿ ಬಿದ್ದಿರುವ ಕಸವನ್ನು ನಿಧಾನವಾಗಿ ಓದಿ. ಒಂದು ಚೀಲದಲ್ಲಿ ನಾಲ್ಕಾರು ಬಗೆಯ ಅನ್ನ, ಪಾರ್ಸೆಲ್ ಡಬ್ಬಿ, ಬಿಸಾಡುವ ಚಮಚಗಳಿದ್ದರೆ ಹತ್ತಿರದಲ್ಲಿ ಪಿ.ಜಿ. ಇದೆ, ಅಲ್ಲಿನವರಿಗೆ ಕಸ ಒಯ್ಯುವ ಟಿಪ್ಪರ್ ಗಾಡಿ ಬರುವ ಹೊತ್ತಿಗೆ ಕೆಳಗೆ ಇಳಿಯಲು ಆಗುತ್ತಿಲ್ಲ. ಒಂದೇ ಅಳತೆಯ ಕಪ್ಪು ಚೀಲಗಳು ಸಾಲಾಗಿದ್ದರೆ ಯಾವುದೋ ಅಂಗಡಿ ಅಥವಾ ಹೋಟೆಲ್ ರಾತ್ರಿ ಬಾಗಿಲು ಹಾಕುವಾಗ ಇಟ್ಟು ಹೋಗುತ್ತಿದೆ. ಕೋಳಿಪುಕ್ಕ ಕಂಡರೆ ಕೋಳಿ ಅಂಗಡಿಯ ಕಸ ಒಯ್ಯುವ ವ್ಯವಸ್ಥೆ ಎಲ್ಲೋ ಕೈಕೊಟ್ಟಿದೆ. ಕಟ್ಟಿದ ಚಿಕ್ಕ ಚಿಕ್ಕ ಕವರ್‌ಗಳು ಹತ್ತಾರು ಇದ್ದರೆ ಅವು ಬೆಳಿಗ್ಗೆ ಆರಕ್ಕೇ ಕೆಲಸಕ್ಕೆ ಹೊರಡುವ ಒಂಟಿ ಕೋಣೆಯ ಮನೆಗಳವು. ‘ಜನರಿಗೆ ಬುದ್ಧಿ ಇಲ್ಲ’ ಎಂದು ಬೈದು ಮುಗಿಸುವವರಿಗೆ ಇದೊಂದೂ ಕಾಣುವುದಿಲ್ಲ. ರಸ್ತೆಗೆ ಎಸೆಯುವ ಬಹುಪಾಲು ಜನರಿಗೆ ಬೇರೆ ದಾರಿ ಅನುಕೂಲವಾಗಿ ಸಿಕ್ಕಿಲ್ಲ ಎಂಬುದೇ ನನ್ನ ಅನುಭವ.

ಹಾಗಾದರೆ ಮೊದಲು ಮಾಡಬೇಕಾದದ್ದೇನು?

ಪೊರಕೆ ಹಿಡಿಯಬೇಡಿ. ಒಂದು ವಾರ ಸುಮ್ಮನೆ ನೋಡಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಹತ್ತರ ಮೇಲೆ ಯಾರು ಬರುತ್ತಾರೆ, ಏನು ತರುತ್ತಾರೆ ಎಂದು ಗಮನಿಸಿ. ಆಟೊ ಟಿಪ್ಪರ್ ಎಷ್ಟು ಗಂಟೆಗೆ ಬರುತ್ತದೆ, ಯಾವ ಅಡ್ಡರಸ್ತೆಗೆ ಬರುವುದೇ ಇಲ್ಲ ಎಂದು ತಿಳಿದುಕೊಳ್ಳಿ. ಟಿಪ್ಪರ್ ಚಾಲಕರನ್ನೂ, ಗುಡಿಸುವ ಪೌರಕಾರ್ಮಿಕರನ್ನೂ, ಅವರ ಮೇಸ್ತ್ರಿಯನ್ನೂ ಮಾತನಾಡಿಸಿ. ಆ ಮೂಲೆಯ ಚರಿತ್ರೆ ಅವರಿಗೆ ಬಾಯಿಪಾಠ.

ಆಮೇಲೆ ಆ ಸುತ್ತಿನ ಮನೆ, ಅಂಗಡಿ, ಪಿ.ಜಿ.ಗಳಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ‘ನಿಮ್ಮ ಕಸ ಕೊಡಲು ಏನು ತೊಂದರೆ?’ ಉತ್ತರ ಬಹಳ ಸಲ ಟಿಪ್ಪರ್ ಸಮಯವನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಿದರೆ ಪರಿಹಾರವಾಗುವಂಥದ್ದೇ ಇರುತ್ತದೆ. ಅದನ್ನು ಹಿಡಿದು ಆರೋಗ್ಯ ನಿರೀಕ್ಷಕರ ಬಳಿ ಹೋಗಿ. ‘ಕಸ ಜಾಸ್ತಿ ಸಾರ್’ ಎಂಬ ದೂರಿಗಿಂತ ‘ಈ ಅಡ್ಡರಸ್ತೆಯ ಇಪ್ಪತ್ತು ಮನೆಗೆ ಗಾಡಿ ಬರುತ್ತಿಲ್ಲ’ ಎಂಬ ಮಾತಿಗೆ ಬೇಗ ಕೆಲಸವಾಗುತ್ತದೆ.

ಯಾವ ಕಚೇರಿಗೆ ಹೋಗಬೇಕು? ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಈಗ ಇಲ್ಲವಲ್ಲ?

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಕಸದ ಕೆಲಸಕ್ಕೆ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಬೇರೆಯೇ ಕಂಪನಿ ಇದೆ. ಮೇಲಿನ ಹೆಸರು ಏನೇ ಬದಲಾಗಲಿ, ಬೀದಿ ಮಟ್ಟದಲ್ಲಿ ನಿಮಗೆ ಬೇಕಾದವರು ಮೇಸ್ತ್ರಿ, ಗಾಡಿ ಚಾಲಕ ಮತ್ತು ಮೇಲ್ವಿಚಾರಣೆಯ ಅಧಿಕಾರಿ. ಅವರ ಪರಿಚಯ ಇಟ್ಟುಕೊಳ್ಳಿ.

ಶುಚಿ ಮಾಡುವ ದಿನ ಏನೇನು ನಡೆಯುತ್ತದೆ?

ಭಾನುವಾರ ಬೆಳಿಗ್ಗೆ ಆರೂವರೆಗೆ ಸೇರುತ್ತೇವೆ, ಬಿಸಿಲೇರುವ ಮೊದಲು ಮುಗಿಸುತ್ತೇವೆ. ಕಸ ಒಯ್ಯಲು ಗಾಡಿ ಬರುತ್ತದೆ ಎಂದು ಹಿಂದಿನ ದಿನವೇ ಖಚಿತ ಮಾಡಿಕೊಂಡಿರುತ್ತೇವೆ. ಗುಡ್ಡೆ ಹಾಕಿ ಗಾಡಿ ಬಾರದಿದ್ದರೆ ಸಂಜೆಯೊಳಗೆ ಅದರ ಮೇಲೆ ಇನ್ನಷ್ಟು ಬೀಳುತ್ತದೆ. ಸಲಿಕೆ, ಗುದ್ದಲಿ, ಬಾಣಲಿ, ತೆಂಗಿನ ಕಡ್ಡಿಯ ಪೊರಕೆ, ಗೋಣಿಚೀಲ ಬೇಕು. ಮೇಲಿನ ಕಸ ಎತ್ತುವುದು ಸುಲಭ. ಕೆಳಗೆ ವರ್ಷಗಳಿಂದ ಮಣ್ಣಿನೊಡನೆ ಬೆರೆತು ಚಪ್ಪಟೆಯಾದ ಪ್ಲಾಸ್ಟಿಕ್ ಪದರವಿರುತ್ತದೆ; ಒಂದು ತುದಿ ಹಿಡಿದು ಎಳೆದರೆ ಹರಿಯುತ್ತದೆಯೇ ಹೊರತು ಮೇಲೇಳುವುದಿಲ್ಲ. ಗುದ್ದಲಿಯಿಂದ ಅಗೆದು, ಅಡಿಯ ಗಟ್ಟಿ ನೆಲ ಕಾಣುವ ತನಕ ತೆಗೆಯಬೇಕು. ಇದನ್ನು ಬಿಟ್ಟರೆ ಜಾಗ ಮತ್ತೆ ಕಸದ ಜಾಗದಂತೆಯೇ ಕಾಣುತ್ತದೆ.

ಬಳಿಕ ನೆಲ ಸಮ ಮಾಡಿ, ಮುರಿದ ಚಪ್ಪಡಿ ಕೂರಿಸಿ, ಗೋಡೆಗೆ ಸುಣ್ಣವೋ ಬಣ್ಣವೋ ಬಳಿಯುತ್ತೇವೆ. ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದೆ ಕೆಲಸ ಮಾಡಿದ ‘ದಿ ಅಗ್ಲಿ ಇಂಡಿಯನ್’ ಗುಂಪಿನವರು ಕೆಮ್ಮಣ್ಣಿನ ಬಣ್ಣವನ್ನು ಗೋಡೆಯ ಕೆಳಭಾಗಕ್ಕೆ ಬಳಿಯುವುದನ್ನು ರೂಢಿಗೆ ತಂದರು. ಎಲೆ ಅಡಿಕೆಯ ಕಲೆ, ಮಳೆಯ ಕೆಸರು ಅದರ ಮೇಲೆ ಎದ್ದು ಕಾಣುವುದಿಲ್ಲ, ಹಾಗಾಗಿ ಗೋಡೆ ಬಹಳ ದಿನ ಚೆನ್ನಾಗಿರುತ್ತದೆ. ಮೇಲ್ಸೇತುವೆ ಕಂಬಗಳ ಮೇಲೆ ಬಣ್ಣದ ತ್ರಿಕೋನಗಳನ್ನು ಕಂಡಿದ್ದೀರಲ್ಲ, ಅವೂ ಅವರದೇ ಕೆಲಸ. ಒಂದು ಬೆಂಚು ಅಥವಾ ಕುಂಡಗಳ ಸಾಲು ಇಟ್ಟರೆ ಇನ್ನೂ ಒಳ್ಳೆಯದು. ಹಿರಿಯರು ಬಂದು ಕೂರುವ ಜಾಗಕ್ಕೆ ಕಸ ಎಸೆಯಲು ಕೈ ಬರುವುದಿಲ್ಲ.

ಮಾರನೆಯ ದಿನವೇ ಮತ್ತೆ ಕಸ ಬಿದ್ದರೆ?

ಬೀಳುತ್ತದೆ. ಬಿದ್ದೇ ಬೀಳುತ್ತದೆ. ವರ್ಷಗಳಿಂದ ಅಲ್ಲಿ ಎಸೆದ ಕೈಗೆ ಬೇರೆ ಅಭ್ಯಾಸವಿಲ್ಲ. ಅದಕ್ಕೇ ಹೇಳುವುದು, ಶುಚಿ ಮಾಡುವ ಭಾನುವಾರ ಈ ಕೆಲಸದ ಚಿಕ್ಕ ಭಾಗ; ಅದರ ಮುಂದಿನ ತಿಂಗಳೇ ನಿಜವಾದ ಕೆಲಸ. ನಿಮ್ಮಲ್ಲಿ ಭಾನುವಾರಕ್ಕೆ ಐವತ್ತು ಜನ ಇದ್ದು ಸೋಮವಾರಕ್ಕೆ ಒಬ್ಬರೂ ಇಲ್ಲದಿದ್ದರೆ ದಯವಿಟ್ಟು ಶುರು ಮಾಡಬೇಡಿ. ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಬ್ಬರಂತೆ ನಿಲ್ಲಲು ಆರು ಜನ ಸಿಕ್ಕರೆ ಧೈರ್ಯವಾಗಿ ಶುರು ಮಾಡಿ.

ನಿಲ್ಲುವವರ ಕೆಲಸ ಇಷ್ಟೇ: ಬೆಳಿಗ್ಗೆ ಬಿದ್ದದ್ದನ್ನು ತಕ್ಷಣ ಎತ್ತಿಸುವುದು, ಚೀಲ ಹಿಡಿದು ಬಂದವರಿಗೆ ನಮಸ್ಕಾರ ಹೇಳಿ ಟಿಪ್ಪರ್ ಸಮಯ ತಿಳಿಸುವುದು. ‘ಅಮ್ಮಾ, ಗಾಡಿ ಏಳೂವರೆಗೆ ಆ ತಿರುವಿಗೆ ಬರುತ್ತದೆ. ನಿಮಗೆ ಆ ಹೊತ್ತಿಗೆ ಆಗದಿದ್ದರೆ ಪಕ್ಕದ ಮನೆಯವರ ಹತ್ತಿರ ಕೊಟ್ಟಿರಿ’ ಎಂದು ಹೇಳಿದರೆ ಜಗಳವಾಡುವವರು ಕಡಿಮೆ. ಮೊದಲ ಚೀಲ ಬಿದ್ದ ಗಂಟೆಯೊಳಗೆ ಅದು ಅಲ್ಲಿಂದ ಹೋಗಬೇಕು. ಒಂದು ಚೀಲ ಹತ್ತು ಚೀಲಗಳನ್ನು ಕರೆಯುತ್ತದೆ.

ಎಸೆಯುವವರ ಫೋಟೊ ತೆಗೆದು ಹಾಕಬಾರದೇ? ದಂಡ ಹಾಕಿಸಬಾರದೇ?

ದಂಡ ಹಾಕುವ ಅಧಿಕಾರ ಇರುವವರು ಹಾಕಲಿ, ಅದು ಬೇಕು. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿಯುವ ಕ್ರಮ ನಡೆದು ದೊಡ್ಡ ಸುದ್ದಿಯಾಯಿತು. ಅದರಿಂದ ಕೆಲವರು ಎಚ್ಚೆತ್ತುಕೊಂಡಿರಬಹುದು. ಆದರೆ ನೆರೆಯವರಾಗಿ ನಾವು ಆ ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆ ಮರ್ಯಾದೆ ಕಳೆದುಕೊಂಡ ಮನೆಯವರು ಮುಂದೆ ನಿಮ್ಮ ಮಾತಿಗೆ ಕಿವಿಗೊಡುವುದಿಲ್ಲ. ಚೀಲ ಬೇರೆ ಬೀದಿಗೆ ಹೋಗುತ್ತದೆ, ಅಷ್ಟೇ. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಬಡವರು, ಬಾಡಿಗೆದಾರರು, ಊರಿಗೆ ಹೊಸಬರು ಎಂಬುದನ್ನೂ ಮರೆಯಬಾರದು. ದೊಡ್ಡ ಚೀಲಗಳನ್ನು ಕಾರಿನಲ್ಲಿ ತಂದು ಸುರಿಯುವವರು ಕ್ಯಾಮೆರಾಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಗೋಡೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸಿದರೆ ಯಾರೂ ಹಾಕುವುದಿಲ್ಲವಂತೆ?

ಬೇಡ. ಕಸ ನಾಲ್ಕು ಮಾರು ಆಚೆ ಸರಿಯುತ್ತದೆ, ದೇವರು ಕಸದ ಪಕ್ಕ ನಿಲ್ಲಬೇಕಾಗುತ್ತದೆ. ಯಾವ ಧರ್ಮದವರಿಗೂ ಅದು ಗೌರವವಲ್ಲ.

ಮನೆಯಲ್ಲಿ ಕಸ ಬೇರ್ಪಡಿಸುವುದು ಹೇಗೆ? ಸರಳವಾಗಿ ಹೇಳಿ.

ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ: ಸಿಪ್ಪೆ, ಉಳಿದ ಅನ್ನ, ಟೀ ಸೊಪ್ಪು, ಒಣಗಿದ ಹೂವು. ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜ್, ಗುಡಿಸಿದ ಧೂಳು, ಕೂದಲು. ಚೀಲಕ್ಕೆ ಒಣ ಕಸ: ಕಾಗದ, ಪ್ಲಾಸ್ಟಿಕ್, ಲೋಹ, ಗಾಜು. ಬೆಂಗಳೂರಿಗೆ ಈ ಕ್ರಮವನ್ನು 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಕಡ್ಡಾಯ ಮಾಡಿತು. ಅದರ ಹಿಂದೆ ವರ್ಷಗಳ ಕಾಲ ನ್ಯಾಯಾಲಯ, ವಾರ್ಡ್ ಕಚೇರಿ ಎಂದು ಅಲೆದ ಸಾಮಾನ್ಯ ನಾಗರಿಕರ ದುಡಿಮೆ ಇದೆ. ಇಡೀ ದೇಶಕ್ಕೆ ನಗರ ಕಸದ ನಿಯಮಗಳು ಮೊದಲು ಬಂದದ್ದು 2000ದಲ್ಲಿ. ಅದಕ್ಕೂ ಕಾರಣ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ.

ಎರಡು ಸಣ್ಣ ಮಾತು. ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಆ ಚೂರು ಯಾರ ಕೈಗೂ ಸಿಗದೆ ಮಣ್ಣು ಸೇರುತ್ತದೆ. ಪೊಟ್ಟಣವನ್ನು ತೊಳೆದು ಒಣಗಿಸಿ. ಪ್ಯಾಡ್ ಮತ್ತು ಡೈಪರ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಆಗ ಒಳಗೇನಿದೆ ಎಂದು ನೋಡಲು ಯಾರೂ ಅದನ್ನು ಕೈಯಲ್ಲಿ ಬಿಚ್ಚಬೇಕಾಗಿಲ್ಲ.

ನಾವು ಬೇರ್ಪಡಿಸಿ ಕೊಟ್ಟರೂ ಗಾಡಿಯಲ್ಲಿ ಎಲ್ಲವನ್ನೂ ಬೆರೆಸುತ್ತಾರಲ್ಲ?

ಇದು ನ್ಯಾಯವಾದ ಕೋಪ. ಹಾಗೆ ಬೆರೆಸುವುದನ್ನು ಕಂಡರೆ ಗಾಡಿಯ ಸಂಖ್ಯೆ, ಸಮಯ ಬರೆದುಕೊಂಡು ದೂರು ಕೊಡಿ. ಜೊತೆಗೆ ಗಾಡಿಯೊಳಗೆ ಒಮ್ಮೆ ಇಣುಕಿ ನೋಡಿ. ಇಪ್ಪತ್ತು ಮನೆಯವರು ಬೇರ್ಪಡಿಸಿ, ಎಂಬತ್ತು ಮನೆಯವರು ಒಂದೇ ಚೀಲ ಕಟ್ಟಿ ಕೊಟ್ಟರೆ ಚಾಲಕ ಮತ್ತು ಸಹಾಯಕ ಬೀದಿಯ ನಡುವೆ ನಿಂತು ಬರಿಗೈಯಲ್ಲಿ ಬಿಡಿಸುತ್ತಾ ಕೂರಬೇಕೇ? ಒಂದು ಬೀದಿಯ ಎಲ್ಲರೂ ಬೇರ್ಪಡಿಸಿ ಕೊಡಲು ಶುರು ಮಾಡಿದ ಮೇಲೆ ಬೆರೆಸಬೇಡಿ ಎಂದು ಕೇಳುವ ಹಕ್ಕು ಗಟ್ಟಿಯಾಗುತ್ತದೆ. ನಮ್ಮಲ್ಲಿ ಅದನ್ನು ಸಾಧಿಸಿದ್ದು ಮನೆಮನೆಗೆ ಹೋದ ಹೆಂಗಸರು. ಗಂಡಸರು ಭಾಷಣ ಮಾಡಿದ್ದರಿಂದ ಒಂದು ಬುಟ್ಟಿಯೂ ಬದಲಾಗಲಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಗೊಬ್ಬರ ಮಾಡಬಹುದೇ? ನಾತ, ಹುಳ?

ಮಾಡಬಹುದು. ಬಾಲ್ಕನಿಯಲ್ಲಿ ಎರಡು ಅಡಿ ಜಾಗ ಸಾಕು. ಮಣ್ಣಿನ ಕುಡಿಕೆಗಳನ್ನು ಒಂದರ ಮೇಲೊಂದು ಇಟ್ಟ ‘ಕಂಬ’ ಇರಲಿ, ತೂತು ಕೊರೆದ ಹಳೆಯ ಬಕೆಟ್ ಇರಲಿ, ಒಳಗೆ ನಡೆಯುವುದು ಒಂದೇ. ತಳದಲ್ಲಿ ಒಣ ಎಲೆ, ಮೇಲೆ ಆ ದಿನದ ಹಸಿ ಕಸ, ಅದರ ಮೇಲೆ ಮತ್ತೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೊದಲ ಸಲ ಹುಳಿ ಮಜ್ಜಿಗೆಯನ್ನೋ ಹಳೆಯ ಗೊಬ್ಬರವನ್ನೋ ಒಂದು ಹಿಡಿ ಸೇರಿಸಿದರೆ ಸೂಕ್ಷ್ಮಜೀವಿಗಳು ಬೇಗ ಕೆಲಸಕ್ಕೆ ಹತ್ತುತ್ತವೆ.

ನಾಲ್ಕೈದು ದಿನಕ್ಕೊಮ್ಮೆ ಕೆದಕಿ ಗಾಳಿಯಾಡಿಸಿ. ಕೆದಕುವಾಗ ನಡುವಿನಲ್ಲಿ ಕೈಗೆ ಬಿಸಿ ತಾಗಿದರೆ ಎಲ್ಲ ಸರಿಯಾಗಿದೆ. ಹಿಡಿಯಷ್ಟು ತೆಗೆದು ಹಿಂಡಿ ನೋಡಿ: ನೀರು ತೊಟ್ಟಿಕ್ಕಿದರೆ ತೇವ ಜಾಸ್ತಿ, ಒಣ ಎಲೆ ಬೇಕು, ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಕೊಳೆತ ನಾತಕ್ಕೆ ಗಾಳಿಯ ಕೊರತೆ ಮತ್ತು ತೇವವೇ ಕಾರಣ. ಬಿಳಿ ಹುಳು ಕಂಡು ಬುಟ್ಟಿಯನ್ನೇ ಎಸೆದವರಿದ್ದಾರೆ. ಅವು ಕಸವನ್ನೇ ತಿಂದು ಬೆಳೆಯುವ ನೊಣದ ಮರಿಗಳು, ನಿಮಗೆ ತೊಂದರೆ ಕೊಡುವುದಿಲ್ಲ. ಒಣ ಪದರ ದಪ್ಪ ಮಾಡಿದರೆ ಕಡಿಮೆಯಾಗುತ್ತವೆ. ಒಂದೂವರೆ ಎರಡು ತಿಂಗಳಲ್ಲಿ ಕಪ್ಪನೆಯ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ ಸಿಗುತ್ತದೆ. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ ಇರುವುದರಿಂದ ಈ ಒಂದು ಬುಟ್ಟಿ ಹಗುರ ಮಾಡುವ ಹೊರೆ ಸಣ್ಣದಲ್ಲ.

ಕೈಯಾರೆ ಕಲಿಯಬೇಕೆನ್ನುವವರಿಗೆ ಎಚ್‌ಎಸ್‌ಆರ್ ಬಡಾವಣೆಯಲ್ಲಿ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ ಇದೆ. ಬಗೆಬಗೆಯ ಗೊಬ್ಬರದ ತೊಟ್ಟಿಗಳನ್ನು ಉದ್ಯಾನದೊಳಗೇ ನಡೆಸಿ ತೋರಿಸಿದ್ದಾರೆ. ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಬರುವ ದೊಡ್ಡ ಸಮುಚ್ಚಯಗಳಿಗಂತೂ ತಮ್ಮ ಹಸಿ ಕಸವನ್ನು ತಾವೇ ನೋಡಿಕೊಳ್ಳುವ ಹೊಣೆಯನ್ನು 2016ರ ಘನತ್ಯಾಜ್ಯ ನಿಯಮಗಳೇ ಹೊರಿಸಿದ್ದವು.

ಒಣ ಕಸ ಎಲ್ಲಿಗೆ ಹೋಗುತ್ತದೆ?

ವಾರ್ಡ್‌ನ ಒಣತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ. ಒಮ್ಮೆ ಹೋಗಿ ನೋಡಿ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ನಾವು ‘ಪ್ಲಾಸ್ಟಿಕ್’ ಎಂದು ಒಂದೇ ಹೆಸರಿನಿಂದ ಕರೆಯುವುದನ್ನು ಅಲ್ಲಿನವರು ಕೈಗೆ ತಾಗಿದ ಕೂಡಲೇ, ಸದ್ದಿನಿಂದಲೇ ಹತ್ತಾರು ಬಗೆಯಾಗಿ ವಿಂಗಡಿಸುತ್ತಾರೆ. ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿರುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ‘ಹಸಿರು ದಳ’ದಂತಹ ಸಂಸ್ಥೆ ಅವರ ಜೊತೆ ನಿಂತಿದೆ, ಅವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು. ಈ ನಗರವನ್ನು ಸಂಬಳವಿಲ್ಲದೆ ಶುಚಿಯಾಗಿಟ್ಟವರು ಅವರು. ಅವರು ಎದುರಾದಾಗ ದೂರ ಸರಿಯುವ ಸ್ವಯಂಸೇವಕರು ನಮಗೆ ಬೇಡ.

ನಾವು ಗುಡಿಸಿದರೆ ಪೌರಕಾರ್ಮಿಕರ ಕೆಲಸ ಹೋಗುವುದಿಲ್ಲವೇ?

ಇಲ್ಲ. ಅವರ ಹೊರೆ ಕಡಿಮೆಯಾಗುತ್ತದೆ. ಆದರೆ ಅವರನ್ನು ಕೇಳದೆ ಅವರ ಬೀದಿಗೆ ಇಳಿಯಬೇಡಿ, ಶುಚಿಯಾದ ಮೂಲೆಯ ಮುಂದೆ ನಿಂತು ಫೋಟೊ ತೆಗೆಯುವಾಗ ಅವರನ್ನು ಪಕ್ಕಕ್ಕೆ ಸರಿಸಬೇಡಿ. ಅವರಿಗೆ ಕುಡಿಯುವ ನೀರು, ಶೌಚಾಲಯ, ಕೈಗವಸು ಇದೆಯೇ ಎಂದು ವಿಚಾರಿಸುವುದೂ ಈ ಕೆಲಸದ ಭಾಗ.

ಉದುರಿದ ಎಲೆಗಳನ್ನು ಸುಟ್ಟರೆ ತಪ್ಪೇನು?

ತೆರೆದ ಜಾಗದಲ್ಲಿ ಕಸ ಸುಡುವುದು ಅಪರಾಧ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಅದಕ್ಕೆ 5,000 ರೂಪಾಯಿ ದಂಡ ನಿಗದಿ ಮಾಡಿದೆ. ಎಲೆಯ ರಾಶಿಯಲ್ಲಿ ಪ್ಲಾಸ್ಟಿಕ್ ಇದ್ದೇ ಇರುತ್ತದೆ, ಆ ಹೊಗೆ ಮೊದಲು ಮುಟ್ಟುವುದು ಬೆಂಕಿ ಹಾಕಿದವರ ಮನೆಯ ಮಗುವನ್ನು. ಗೊಬ್ಬರ ಮಾಡುವವರಿಗೆ ಒಣ ಎಲೆ ಎಷ್ಟಿದ್ದರೂ ಬೇಕು, ಚೀಲ ತುಂಬಿಡಿ.

ಮಕ್ಕಳನ್ನು ಕರೆತರಬಹುದೇ? ಏನು ಎಚ್ಚರ ವಹಿಸಬೇಕು?

ಬಣ್ಣ ಬಳಿಯಲು, ಗಿಡ ನೆಡಲು, ಮನೆಗಳಿಗೆ ಹೋಗಿ ಮಾತನಾಡಲು ಮಕ್ಕಳು ಬರಲಿ. ರಾಶಿಗೆ ಕೈ ಹಾಕುವುದು ಬೇಡ. ಒಡೆದ ಬಲ್ಬು, ಸಿರಿಂಜು ಇರುತ್ತವೆ. ದೊಡ್ಡವರು ದಪ್ಪ ಕೈಗವಸು, ಮುಚ್ಚಿದ ಶೂ ಧರಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷವಾಗಿದ್ದರೆ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಬರಿಗಾಲಿಡಬೇಡಿ, ಇಲಿ ಜ್ವರದ ಅಪಾಯವಿದೆ.

ಮ್ಯಾನ್‌ಹೋಲ್ ಮುಚ್ಚಳ ತೆರೆಯಬೇಡಿ. ಇಳಿಯುವಂತೆ ಯಾರಿಗೂ ಹೇಳಬೇಡಿ, ದುಡ್ಡು ಕೊಟ್ಟೂ ಹೇಳಬೇಡಿ. ಒಳಗಿನ ವಿಷಾನಿಲಕ್ಕೆ ಜನ ಸತ್ತಿದ್ದಾರೆ, ಸಾಯುತ್ತಲೇ ಇದ್ದಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಹಾಗೆ ಇಳಿಸುವುದನ್ನು ಶಿಕ್ಷಾರ್ಹ ಅಪರಾಧ ಮಾಡಿದೆ. ಈ ಒಂದು ವಿಷಯದಲ್ಲಿ ನಮ್ಮಲ್ಲಿ ರಿಯಾಯಿತಿ ಇಲ್ಲ.

ರಾಜಕಾರಣಿಗಳು ಬಂದು ಪೊರಕೆ ಹಿಡಿಯುತ್ತೇವೆ ಎಂದರೆ?

ಬರಲಿ, ಕೆಲಸ ಮಾಡಲಿ. ಬ್ಯಾನರ್ ಬೇಡ. ಬ್ಯಾನರ್ ಕೂಡ ಕಸವೇ.

ಇದೆಲ್ಲ ಎಲ್ಲಾದರೂ ನಿಂತು ನಡೆದಿದೆಯೇ?

ನಡೆದಿದೆ. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ ಮುಂದಾಳತ್ವದಲ್ಲಿ 2015ರಿಂದ ವರ್ಷಗಳ ಕಾಲ ಭಾನುವಾರದ ಶ್ರಮದಾನ ನಡೆಯಿತು. ಬಸ್ ತಂಗುದಾಣ, ಗೋಡೆ, ವೃತ್ತಗಳು ಹೊಸ ರೂಪ ಪಡೆದವು. ನಗರಗಳ ಶುಚಿತ್ವ ಅಳೆಯುವ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲಾಯಿತು. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ವಾರ್ಡ್ ಮಟ್ಟದಲ್ಲೇ ಕಸ ವಿಂಗಡಿಸಿ ಗೊಬ್ಬರ ಮಾಡಬಹುದೆಂದು ತೋರಿಸಿತು. ಮುಂಬೈನ ವರ್ಸೋವಾ ಕಡಲತೀರದಲ್ಲಿ ವಕೀಲ ಅಫ್ರೋಜ್ ಷಾ 2015ರಲ್ಲಿ ಶುರು ಮಾಡಿದ ಕೆಲಸಕ್ಕೆ ಸಾವಿರಾರು ಜನ ಸೇರಿದರು. 2018ರಲ್ಲಿ ಅಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಸಮುದ್ರಕ್ಕೆ ಇಳಿದವು. ನಡುವೆ 2017ರಲ್ಲಿ ಕಿರುಕುಳಕ್ಕೆ ಬೇಸತ್ತು ಅವರು ಕೆಲವು ದಿನ ಕೆಲಸ ನಿಲ್ಲಿಸಿದ್ದರು. ಆ ಸ್ವಲ್ಪ ಅವಧಿಯಲ್ಲೇ ತೀರದಲ್ಲಿ ಕಸ ಮತ್ತೆ ತುಂಬಿತ್ತು.

ಹಬ್ಬದ ಕಸಕ್ಕೆ ಏನು ಮಾಡುತ್ತೀರಿ?

ಆಯುಧ ಪೂಜೆಯ ಮರುದಿನ ನಮಗೆ ವರ್ಷದ ಅತಿ ಭಾರದ ದಿನ. ಒಡೆದ ಬೂದುಗುಂಬಳಕಾಯಿ, ಬಾಳೆಕಂದು, ಮಾವಿನ ಸೊಪ್ಪು, ಮಾರಾಟವಾಗದೆ ಉಳಿದ ಚೆಂಡುಹೂವಿನ ರಾಶಿ, ಎಲ್ಲವೂ ಒಂದೇ ಸಲ ಬೀದಿಗೆ ಬರುತ್ತವೆ. ಎಲ್ಲ ಒಳ್ಳೆಯ ಹಸಿ ಕಸ, ಪ್ಲಾಸ್ಟಿಕ್ ಹಾರ ಮತ್ತು ಥರ್ಮೊಕೋಲ್ ಬೆರೆಯದಿದ್ದರೆ. ಅದಕ್ಕೆ ಹಬ್ಬಕ್ಕೆ ಮೂರು ದಿನ ಮುಂಚೆಯೇ ವರ್ಕ್‌ಶಾಪ್, ಅಂಗಡಿ, ಆಟೊ ನಿಲ್ದಾಣಗಳಿಗೆ ಹೋಗಿ ಹೇಳುತ್ತೇವೆ: ಕುಂಬಳಕಾಯಿ ಒಡೆದ ಮೇಲೆ ಹೋಳುಗಳನ್ನು ರಸ್ತೆಯಲ್ಲಿ ಬಿಡಬೇಡಿ, ದ್ವಿಚಕ್ರ ವಾಹನದವರು ಜಾರಿ ಬೀಳುತ್ತಾರೆ, ಬದಿಗೆ ಎತ್ತಿಡಿ. ಹೂವು, ಸೊಪ್ಪನ್ನು ದಾರ ಬಿಡಿಸಿ ಗೋಣಿಚೀಲಕ್ಕೆ ತುಂಬಿ. ಬಾಳೆಕಂದನ್ನು ಹಸು ಸಾಕಿದವರು ಬಂದು ಒಯ್ಯುತ್ತಾರೆ, ಅವರ ಫೋನ್ ಸಂಖ್ಯೆ ನಮ್ಮ ಬಳಿ ಇರುತ್ತದೆ. ಈ ಸಲ ಚೀಲ ಹೊಲಿಯಲು, ಅಂಗಡಿಗಳಿಗೆ ಹಂಚಲು ಜನ ಬೇಕು. ಭಾನುವಾರ ಬೆಳಿಗ್ಗೆ ಬರಲಾಗದವರು ಈ ಕೆಲಸಕ್ಕೆ ಸಂಜೆ ಬರಬಹುದು.